ರಾಜರ ತಪ್ಪು ದೇವರ ತಲೆಗೆ: ಫೈನಲ್ ಫ್ಯಾಂಟಸಿ 16ರ ರಾಜಕೀಯ ಕಥೆ ಎಲ್ಲಿ ಕೈಕೊಟ್ಟಿತು?

ಪ್ರಶ್ನೆ: ನಾನು ಹುಬ್ಬಳ್ಳಿಯ ಪಿಯು ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ತಮ್ಮನ ಒತ್ತಾಯಕ್ಕೆ ಪ್ಲೇಸ್ಟೇಷನ್ 5ರಲ್ಲಿ ‘ಫೈನಲ್ ಫ್ಯಾಂಟಸಿ 16’ ಶುರುಮಾಡಿದೆ. ಮೊದಮೊದಲು ನಿದ್ದೆಗೆಟ್ಟು ಆಡಿದೆ. ಒಂದೊಂದು ರಾಜ್ಯದ ಬಳಿ ಒಂದು ಬೃಹತ್ ಸ್ಫಟಿಕ, ದಿನೇದಿನೇ ಬಂಜರಾಗುತ್ತಿರುವ ಭೂಮಿ, ಅದಕ್ಕಾಗಿ ಯುದ್ಧ, ಹುಟ್ಟಿನಿಂದಲೇ ಮಂತ್ರಶಕ್ತಿ ಇರುವ ‘ಬೇರರ್’ಗಳ ಕೆನ್ನೆಗೆ ಹಚ್ಚೆ ಒತ್ತಿ ಗುಲಾಮರಾಗಿ ದುಡಿಸುವ ವ್ಯವಸ್ಥೆ. ತರಗತಿಯಲ್ಲಿ ಪಾಠ ಮಾಡುವಷ್ಟು ಸರಕು ಇದೆ ಅನಿಸಿತು. ಅರ್ಧ ದಾಟಿದ ಮೇಲೆ ಎಲ್ಲದರ ಹಿಂದೆ ಅಲ್ಟಿಮಾ ಎಂಬ ದೇವರಿದ್ದಾನೆ ಎಂದಾಯಿತು. ರಾಜರು, ರಾಣಿಯರು, ಸೈನ್ಯಗಳು ಎಲ್ಲ ಹಿಂದೆ ಸರಿದವು. ವಾಲೂಡ್ ರಾಜ್ಯದ ಭಾಗ ಮುಗಿಸಿ ಅಲ್ಲಿಗೇ ನಿಲ್ಲಿಸಿದ್ದೇನೆ. ಕೊನೆಯಲ್ಲಿ ಏನಾಗುತ್ತದೆ ಎಂದು ತಮ್ಮ ಹೇಳಿಬಿಟ್ಟಿದ್ದಾನೆ, ಹಾಗಾಗಿ ನೀವು ಮುಚ್ಚಿಡಬೇಕಿಲ್ಲ. ‘ಆಟ ಅಂದ್ಮೇಲೆ ಆಟ, ಅದ್ರಾಗ ರಾಜಕೀಯ ಯಾಕ ಹುಡುಕ್ತಿ’ ಎನ್ನುತ್ತಾನೆ ಅವನು. ಜಪಾನಿನವರಿಗೆ ರಾಜಕೀಯದ ಕಥೆ ಬರೆಯಲು ಬರುವುದಿಲ್ಲ ಎಂದು ಸಹೋದ್ಯೋಗಿಯೊಬ್ಬರು, ಎಲ್ಲ ಇಂಗ್ಲಿಷ್ ಅನುವಾದದಲ್ಲಿ ಹಾಳಾಯಿತು ಎಂದು ಇನ್ನೊಬ್ಬರು. ನನ್ನ ನಿರೀಕ್ಷೆಯೇ ತಪ್ಪಿತ್ತೇ? ಮುಗಿಸಲೇ, ಬಿಡಲೇ? ರಾಜಕೀಯವನ್ನು ಕೊನೆಯವರೆಗೂ ಕೈಬಿಡದ ಆಟ ಈ ಬಗೆಯಲ್ಲಿ ಯಾವುದಾದರೂ ಇದೆಯೇ?

ಉತ್ತರ: ನಾನು ಆಟಗಳಿಗೆ ಕಥೆ, ಸಂಭಾಷಣೆ ಬರೆಯುವ ಕಸುಬಿನವನು. ಹತ್ತಾರು ವರ್ಷಗಳಿಂದ ಬೆಂಗಳೂರಿನ ಸ್ಟುಡಿಯೋಗಳಲ್ಲಿ ಇದೇ ಕೆಲಸ. ಮೊದಲು ನಿಮ್ಮ ತಮ್ಮನ ಮಾತನ್ನು ಪಕ್ಕಕ್ಕಿಡೋಣ. ರಾಜಕೀಯವನ್ನು ನೀವು ಹುಡುಕಿಕೊಂಡು ಹೋಗಲಿಲ್ಲ, ಆಟವೇ ನಿಮ್ಮನ್ನು ಅದಕ್ಕೆ ಕರೆಯಿತು. 2023ರ ಜೂನ್ 22ರಂದು ಆಟ ಬಿಡುಗಡೆಯಾಗುವುದಕ್ಕೆ ಹತ್ತು ದಿನ ಮುಂಚೆ ಉಚಿತ ಡೆಮೊ ಕೊಟ್ಟರು. ಅದರಲ್ಲಿದ್ದದ್ದು ಒಂದು ಅರಮನೆ, ಹಿರಿಮಗನನ್ನು ಕಂಡರಾಗದ ತಾಯಿ, ಗಂಡನಿಗೂ ನಾಡಿಗೂ ಬಗೆದ ದ್ರೋಹ. ದೃಶ್ಯದ ನಡುವೆ ಗುಂಡಿ ಒತ್ತಿದರೆ ಆ ಹೊತ್ತಿಗೆ ಬೇಕಾದ ಊರು, ವಂಶ, ಒಪ್ಪಂದಗಳ ಟಿಪ್ಪಣಿ ಬಿಚ್ಚಿಕೊಳ್ಳುವ ‘ಆಕ್ಟಿವ್ ಟೈಮ್ ಲೋರ್’ ಎಂಬ ಸೌಲಭ್ಯ ಇಟ್ಟರು. ಯಾವ ಸೈನ್ಯ ಯಾವ ಗಡಿಯತ್ತ ಸಾಗುತ್ತಿದೆ ಎಂದು ನಕ್ಷೆ ಹರಡಿ ವಿವರಿಸಲು ವಿವಿಯನ್ ಎಂಬ ವಿದ್ವಾಂಸೆಯನ್ನೇ ಸೃಷ್ಟಿಸಿದರು. ತಂಡದ ಮುಖ್ಯರಿಗೆಲ್ಲ ‘ಗೇಮ್ ಆಫ್ ಥ್ರೋನ್ಸ್’ ಸರಣಿ ನೋಡಲು ಹೇಳಿದ್ದನ್ನು ನಿರ್ಮಾಪಕ ನವೋಕಿ ಯೋಶಿದಾ ಅವರೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಇಷ್ಟೆಲ್ಲ ಆದಮೇಲೆ ಆಟಗಾರ ರಾಜಕೀಯ ನಿರೀಕ್ಷಿಸಿದರೆ ಅದು ಅವನ ತಪ್ಪಾಗುವುದು ಹೇಗೆ?

ಆದರೆ ನಿಮ್ಮ ದೂರನ್ನು ಸ್ವಲ್ಪ ಬಿಡಿಸಿ ನೋಡಬೇಕು. ‘ರಾಜಕೀಯ ಮಾಯವಾಯಿತು’ ಎನ್ನುತ್ತೀರಿ. ಈ ಆಟದಲ್ಲಿ ಇದ್ದದ್ದು ಎರಡು ರಾಜಕೀಯ. ಒಂದು ಸಿಂಹಾಸನದ್ದು, ಇನ್ನೊಂದು ಬೇರರ್‌ಗಳ ದುಡಿಮೆಯದ್ದು. ಎರಡೂ ಹಾಳಾದವು, ಆದರೆ ಬೇರೆ ಬೇರೆ ರೀತಿಯಲ್ಲಿ.

ಸಿಂಹಾಸನದ ಕಥೆಗೆ ಕಥಾನಾಯಕ ಕ್ಲೈವ್‌ನ ತಾಯಿ ಅನಾಬೆಲ್ಲಾಳನ್ನು ನೋಡಿ. ರಕ್ತಶುದ್ಧಿಯ ಹುಚ್ಚು ಅವಳಿಗೆ. ಫೀನಿಕ್ಸ್ ಎಂಬ ಅಗ್ನಿಪಕ್ಷಿಯ ಶಕ್ತಿ ಹಿರಿಮಗ ಕ್ಲೈವ್‌ಗೆ ಒಲಿಯಲಿಲ್ಲ, ಕಿರಿಯವನಿಗೆ ಒಲಿಯಿತು ಎಂಬ ಒಂದೇ ಕಾರಣಕ್ಕೆ ಹೆತ್ತ ಮಗನನ್ನು ಕಸವಾಗಿ ಕಾಣುತ್ತಾಳೆ. ಗಂಡನ ರಾಜ್ಯ ರೊಸಾರಿಯಾವನ್ನು ಸ್ಯಾನ್‌ಬ್ರೆಕ್ ಸಾಮ್ರಾಜ್ಯಕ್ಕೆ ಒಪ್ಪಿಸಿ, ಅಲ್ಲಿನ ಚಕ್ರವರ್ತಿ ಸಿಲ್ವೆಸ್ಟರ್‌ನ ಹೆಂಡತಿಯಾಗಿ, ಅವನಿಂದ ಒಲಿವಿಯರ್ ಎಂಬ ಮಗನನ್ನು ಪಡೆದು, ಆ ಮಗುವನ್ನೇ ಪಟ್ಟಕ್ಕೆ ಕೂರಿಸುವ ತನಕ ಅವಳ ನಡೆಯೆಲ್ಲ ಅಪ್ಪಟ ಮನುಷ್ಯರದ್ದು. ಸಿಲ್ವೆಸ್ಟರ್‌ನದ್ದೂ ಅಷ್ಟೇ. ತನ್ನ ರಾಜಧಾನಿಯ ಸ್ಫಟಿಕ ಒಡೆದುಹೋದ ಮೇಲೆ ಪ್ರಜೆಗಳನ್ನು ಸಾಕಲು ದಾರಿ ಕಾಣದೆ, ಎಲ್ಲ ರಾಜ್ಯಗಳಿಗೂ ಸೇರಿದ ತಟಸ್ಥ ನೆಲವಾದ ಸ್ಫಟಿಕ ಸಂಸ್ಥಾನದೊಳಕ್ಕೆ ಒಪ್ಪಂದ ಮುರಿದು ನುಗ್ಗುತ್ತಾನೆ. ಹಸಿದ ಸಾಮ್ರಾಜ್ಯ ಹೀಗೇ ಮಾಡುತ್ತದೆ ಎಂದು ಇತಿಹಾಸದ ಮೇಷ್ಟ್ರಿಗೆ ನಾನು ಹೇಳಬೇಕಿಲ್ಲ. ಹಿರಿಯ ಮಗ ಡಿಯಾನ್ ತಂದೆಯ ವಿರುದ್ಧವೇ ದಂಗೆ ಏಳುವವರೆಗೆ ಕಥೆ ಬಿಗಿಯಾಗಿಯೇ ಇದೆ. ಆಮೇಲೆ ಗೊತ್ತಾಗುತ್ತದೆ: ಒಲಿವಿಯರ್ ಮಗುವೇ ಅಲ್ಲ, ಅಲ್ಟಿಮಾ ಆಡಿಸುತ್ತಿದ್ದ ಗೊಂಬೆ.

ಆ ಒಂದು ಕ್ಷಣದಲ್ಲಿ ಹಿಂದಿನ ಹತ್ತು ಗಂಟೆಯ ಕಥೆಯ ಲೆಕ್ಕ ಬದಲಾಗಿಬಿಡುತ್ತದೆ. ಒಪ್ಪಂದ ಮುರಿದದ್ದು ಯಾರ ತಪ್ಪು? ತಂದೆ ಮಗನ ನಡುವೆ ವಿಷ ಹಿಂಡಿದ್ದು ಯಾರು? ದೇವರು. ಅನಾಬೆಲ್ಲಾ ಆ ನಿಜ ಕಂಡು ತನ್ನ ಕೈಯಾರೆ ಸಾಯುತ್ತಾಳೆ. ಯಾರೂ ಅವಳನ್ನು ವಿಚಾರಣೆಗೆ ನಿಲ್ಲಿಸುವುದಿಲ್ಲ. ರೊಸಾರಿಯಾದಲ್ಲಿ ಅವಳ ಕಪ್ಪು ಗುರಾಣಿಯ ಪಡೆ ಬೇರರ್‌ಗಳನ್ನು ಬೇಟೆಯಾಡಿತಲ್ಲ, ಈಸ್ಟ್‌ಪೂಲ್ ಎಂಬ ಹಳ್ಳಿಗೆ ಹಳ್ಳಿಯನ್ನೇ ಕೊಂದಿತಲ್ಲ, ಆ ಹಳ್ಳಿಯವರ ಪರವಾಗಿ ಅವಳ ಮುಖಕ್ಕೆ ಒಂದು ಪ್ರಶ್ನೆ ಎಸೆಯುವವರಿಲ್ಲ. ವಾಲೂಡ್‌ನಲ್ಲಿ ನೀವು ಆಟ ನಿಲ್ಲಿಸಿದ್ದೂ ಇದೇ ಕಾರಣಕ್ಕೆ ಇರಬೇಕು. ಅಲ್ಲಿನ ದೊರೆ ಬಾರ್ನಬಸ್ ಅಲ್ಟಿಮಾನ ಭಕ್ತ, ಅವನ ಪ್ರಜೆಗಳು ಬುದ್ಧಿ ಕಳೆದುಕೊಂಡ ನಡೆದಾಡುವ ದೇಹಗಳು. ರಾಜ್ಯ ಎಂದು ನಕ್ಷೆಯಲ್ಲಿದೆ, ಒಳಗೆ ತೆರಿಗೆ ಕಟ್ಟುವವರಿಲ್ಲ, ಗೊಣಗುವವರಿಲ್ಲ, ಎದುರು ಮಾತಾಡುವವರಿಲ್ಲ. ಪ್ರಜೆಗಳಿಲ್ಲದ ಮೇಲೆ ಅಲ್ಲಿ ರಾಜಕೀಯ ಎಲ್ಲಿಂದ ಬರಬೇಕು?

ಇನ್ನು ಬೇರರ್‌ಗಳ ವಿಷಯ. ನನಗೆ ಹೆಚ್ಚು ನೋವು ತಂದದ್ದು ಇದು. ಆಟದಲ್ಲಿ ಒಂದು ಚಿಕ್ಕ ಉಪಕಥೆ ಬರುತ್ತದೆ, ನೆನಪಿರಬಹುದು. ಅನುಕೂಲಸ್ಥರ ಮನೆಯ ಮಗುವೊಂದು ಕ್ಲೈವ್ ಬಳಿ ಬಂದು ‘ನನ್ನ ಕ್ಲೋಯಿ ಕಾಣುತ್ತಿಲ್ಲ, ಹುಡುಕಿ ಕೊಡಿ’ ಎನ್ನುತ್ತದೆ. ನಾಯಿಯೋ ಬೆಕ್ಕೋ ಇರಬೇಕು ಎಂದುಕೊಂಡು ಹೊರಡುತ್ತೇವೆ. ಸಿಕ್ಕಾಗ ಗೊತ್ತಾಗುತ್ತದೆ, ಕ್ಲೋಯಿ ಒಬ್ಬ ಬೇರರ್ ಹುಡುಗಿ. ಆ ಮಗು ದುಷ್ಟ ಅಲ್ಲ, ಅದಕ್ಕೆ ಹಾಗೆ ಕಲಿಸಲಾಗಿದೆ ಅಷ್ಟೆ. ಅದಕ್ಕೆ ಕಲಿಸಿದ್ದು ಯಾವ ಅಲ್ಟಿಮಾನೂ ಅಲ್ಲ, ಮನೆಯವರು, ಬೀದಿಯವರು, ಊರಿನ ರೂಢಿ. ಹುಟ್ಟಿದ ಕೂಸಿನ ಕೈಗೆ ಸ್ಫಟಿಕ ತಾಗಿಸಿ ಪರೀಕ್ಷೆ ಮಾಡುವುದು, ಬೇರರ್ ಎಂದು ತಿಳಿದರೆ ತಾಯಿಯಿಂದ ಬಿಡಿಸಿ ಕೊಡುವುದು, ಕೆನ್ನೆಯ ಹಚ್ಚೆ ತೆಗೆಯಲು ಹೋದರೆ ಜೀವವೇ ಹೋಗುವಂತೆ ಅದರಲ್ಲಿ ವಿಷ ಬೆರೆಸುವುದು, ಮಂತ್ರ ಬಳಸಿ ಬಳಸಿ ಮೈ ಕಲ್ಲಾದ ಮೇಲೆ ಎಸೆಯುವುದು. ಕ್ಲೈವ್‌ನ ಒಳ್ಳೆಯ ತಂದೆ ಎಲ್ವಿನ್ ಆಳುತ್ತಿದ್ದ ರೊಸಾರಿಯಾದಲ್ಲೂ ಬೇರರ್‌ಗಳ ದುಡಿಮೆ ಇತ್ತು. ಇಂಥ ವಿವರ ಬರೆದವರಿಗೆ ದಬ್ಬಾಳಿಕೆ ಹೇಗೆ ನಡೆಯುತ್ತದೆ ಎಂದು ಚೆನ್ನಾಗಿ ಗೊತ್ತಿದೆ.

ಗೊತ್ತಿದ್ದೂ ಅವರು ಕೊಟ್ಟ ಪರಿಹಾರವೇನು? ಕ್ಲೈವ್ ಸ್ಫಟಿಕಗಳನ್ನು ಒಡೆಯುತ್ತಾ ಹೋಗುತ್ತಾನೆ. ಸ್ಫಟಿಕ ಕಡಿಮೆಯಾದಷ್ಟೂ ಜನ ನೀರಿಗೆ, ಬೆಂಕಿಗೆ, ಗಾಳಿಗೆ ಬೇರರ್‌ಗಳನ್ನು ಇನ್ನಷ್ಟು ಹಿಂಡುತ್ತಾರೆ. ಆಟ ಇದನ್ನು ಅಲ್ಲಲ್ಲಿ ಹೇಳುತ್ತದೆ. ಅಂದರೆ ನಾಯಕನ ಕ್ರಾಂತಿಯ ಬೆಲೆಯನ್ನು ಅವನು ಬಿಡಿಸಲು ಹೊರಟವರೇ ತೆರುತ್ತಿದ್ದಾರೆ. ಒಂದು ದೊಡ್ಡ ರಾಜಕೀಯ ಕಥೆಗೆ ಇದಕ್ಕಿಂತ ಒಳ್ಳೆಯ ಬಿಕ್ಕಟ್ಟು ಬೇಕೇ? ಆದರೆ ಮುಖ್ಯಕಥೆ ಅದರ ಮೇಲೆ ನಿಲ್ಲುವುದೇ ಇಲ್ಲ. ಕೊನೆಯಲ್ಲಿ ಕ್ಲೈವ್ ಅಲ್ಟಿಮಾನನ್ನು ಮುಗಿಸಿ, ಲೋಕದಿಂದ ಮಂತ್ರಶಕ್ತಿಯನ್ನೇ ಇಲ್ಲವಾಗಿಸುತ್ತಾನೆ. ಎಷ್ಟೋ ಕಾಲದ ನಂತರದ ಒಂದು ಮನೆಯನ್ನು ತೋರಿಸುತ್ತಾರೆ, ಅಲ್ಲಿ ಮಂತ್ರ ಎಂಬುದು ಮಕ್ಕಳ ಕಥೆ ಮಾತ್ರ. ಮಂತ್ರ ಇಲ್ಲದ ಮೇಲೆ ಬೇರರ್ ಎಂಬ ಗುರುತೂ ಇಲ್ಲ, ಅಲ್ಲಿಗೆ ಸಮಸ್ಯೆ ಮುಗಿಯಿತು.

ನೀವು ಇತಿಹಾಸ ಕಲಿಸುವವರು, ಇಲ್ಲಿ ಏನು ತಪ್ಪಿಹೋಗಿದೆ ಎಂದು ನಿಮಗೆ ಥಟ್ಟನೆ ಹೊಳೆದಿರುತ್ತದೆ. 1833ರಲ್ಲಿ ಬ್ರಿಟಿಷ್ ಸಂಸತ್ತು ಗುಲಾಮಗಿರಿ ರದ್ದು ಮಾಡಿದಾಗ 2 ಕೋಟಿ ಪೌಂಡ್ ಪರಿಹಾರ ಕೊಟ್ಟದ್ದು ಗುಲಾಮರಿಗಲ್ಲ, ಒಡೆಯರಿಗೆ. ಬಿಡುಗಡೆಯಾದವರು ‘ತರಬೇತಿ’ ಎಂಬ ಹೆಸರಿನಲ್ಲಿ 1838ರವರೆಗೂ ಅದೇ ತೋಟಗಳಲ್ಲಿ ದುಡಿಯಬೇಕಾಯಿತು. ರಾಜಕೀಯ ಇರುವುದು ಅಲ್ಲಿ: ಬಿಡುಗಡೆಯ ಮಾರನೆಯ ಬೆಳಗ್ಗೆ. ಹೊಲ ಯಾರದ್ದು, ಕೂಲಿ ಎಷ್ಟು, ನಿನ್ನೆಯ ಒಡೆಯ ಇವತ್ತು ಪಕ್ಕದ ಮನೆಯವನಾದಾಗ ಮಾತು ಹೇಗೆ. ಈ ಆಟ ಆ ಬೆಳಗ್ಗೆಯನ್ನು ಹಾರಿಸಿಬಿಟ್ಟಿದೆ. ನಿಮ್ಮ ನಿರಾಸೆಯ ಬೇರು ಇಲ್ಲಿದೆ ಎಂದು ನನಗನಿಸುತ್ತದೆ. ಕುತಂತ್ರ, ಪಟ್ಟಾಭಿಷೇಕ, ದ್ರೋಹ ಇವೆಲ್ಲ ಬೇಕಾದಷ್ಟಿವೆ, ಹೊಣೆ ಹೊರುವವರು ಮಾತ್ರ ಇಲ್ಲ.

ಹಾಗಾದರೆ ಜಪಾನಿನವರಿಗೆ ಇದು ಬರುವುದಿಲ್ಲವೇ? ನಿಮ್ಮ ಸಹೋದ್ಯೋಗಿಯ ಮಾತು ಪೂರ್ತಿ ಸುಳ್ಳು. ಈ ಬಗೆಯ ಆಟಗಳಲ್ಲಿ ರಾಜಕೀಯವನ್ನು ಅತ್ಯಂತ ಕಟುವಾಗಿ ಬರೆದವರು ಜಪಾನಿನವರೇ. 1995ರಲ್ಲಿ ಯಸುಮಿ ಮತ್ಸುನೊ ನಿರ್ದೇಶಿಸಿದ ‘ಟ್ಯಾಕ್ಟಿಕ್ಸ್ ಓಗರ್’ ತೆಗೆದುಕೊಳ್ಳಿ. ಯುಗೊಸ್ಲಾವಿಯ ಒಡೆದು ಜನಾಂಗೀಯ ಕಲಹದಲ್ಲಿ ಉರಿಯುತ್ತಿದ್ದ ವರ್ಷಗಳು ಅವು, ಅದರ ನೆರಳು ಕಥೆಯ ಮೇಲೆ ನೇರವಾಗಿ ಬಿದ್ದಿದೆ. ನಾಯಕ ಡೆನಮ್ ಸೋತ ಜನಾಂಗದ ಹುಡುಗ. ತನ್ನದೇ ಜನರಿರುವ ಬಾಲ್ಮಮೂಸಾ ಎಂಬ ಊರಿಗೆ, ಬಂಡಾಯಕ್ಕೆ ಜನರನ್ನು ಕರೆತರಲು, ಅವನನ್ನು ಕಳಿಸುತ್ತಾರೆ. ಊರಿನವರು ಯುದ್ಧ ಸಾಕು ಎನ್ನುತ್ತಾರೆ. ಆಗ ಮೇಲಿನಿಂದ ಅಪ್ಪಣೆ ಬರುತ್ತದೆ: ಊರಿನವರನ್ನೆಲ್ಲ ಕೊಂದು ಶತ್ರುಗಳೇ ಕೊಂದರೆಂದು ಸಾರಿ, ಸಿಟ್ಟಿಗೆದ್ದ ಉಳಿದವರು ಬಂಡಾಯಕ್ಕೆ ಸೇರುತ್ತಾರೆ. ಒಪ್ಪುವುದು ಬಿಡುವುದು ಆಟಗಾರನ ಕೈಯಲ್ಲಿ. ನೀವು ಒಪ್ಪದಿದ್ದರೂ ಹತ್ಯಾಕಾಂಡ ನಡೆದೇ ನಡೆಯುತ್ತದೆ, ಅಪವಾದ ನಿಮ್ಮ ತಲೆಗೆ ಬರುತ್ತದೆ. ಒಪ್ಪಿದರೆ ನಾಯಕನಾಗಿ ಮೆರೆಯುತ್ತೀರಿ, ಆ ಸುಳ್ಳಿನ ಮೇಲೆ ನಿಂತು. ಅಲ್ಲಿಂದಾಚೆಗೆ ಕಥೆಯೇ ಬೇರೆ ಬೇರೆ ದಾರಿ ಹಿಡಿಯುತ್ತದೆ.

ಎರಡು ವರ್ಷದ ನಂತರ, 1997ರಲ್ಲಿ, ಅದೇ ಮತ್ಸುನೊ ‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್’ ಮಾಡಿದರು. ಇದನ್ನು ನಾನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದರಲ್ಲೂ ಕೊನೆಗೆ ದೆವ್ವಗಳೇ ಬರುತ್ತವೆ. ಹನ್ನೆರಡು ರಾಶಿಗಳ ಕಲ್ಲುಗಳು, ಅವುಗಳೊಳಗಿನ ಭೂತಗಳು, ಅವನ್ನು ಬಳಸಿಕೊಳ್ಳುವ ಧರ್ಮಪೀಠ ಎಲ್ಲ ಇವೆ. ಆದರೂ ಅದು ಹದಿನಾರನೆಯದರಂತೆ ಕೈಕೊಡುವುದಿಲ್ಲ. ಯಾಕೆ?

ಮೊದಲ ಅಧ್ಯಾಯದ ಕೊನೆಯನ್ನು ನೋಡಿ. ಐವತ್ತು ವರ್ಷದ ಯುದ್ಧ ಮುಗಿದಿದೆ. ಯುದ್ಧದಲ್ಲಿ ಹೋರಾಡಿದ ಬಡವರಿಗೆ ಸಂಬಳ ಕೊಟ್ಟಿಲ್ಲ, ಅವರೇ ಗುಂಪು ಕಟ್ಟಿಕೊಂಡು ದಂಗೆ ಎದ್ದಿದ್ದಾರೆ. ರಾಮ್ಜಾ ದೊಡ್ಡ ಮನೆತನದ ಹುಡುಗ, ಡೆಲಿಟಾ ಅದೇ ಮನೆಯಲ್ಲಿ ಆಶ್ರಯ ಪಡೆದು ಬೆಳೆದ ಬಡವರ ಮಗ. ಡೆಲಿಟಾನ ತಂಗಿ ಟಿಯೆಟ್ರಾಳನ್ನು ದಂಗೆಕೋರರು ದೊಡ್ಡ ಮನೆಯ ಮಗಳೆಂದು ತಪ್ಪು ತಿಳಿದು ಎತ್ತಿಕೊಂಡು ಹೋಗುತ್ತಾರೆ. ಹಿಮ ಸುರಿಯುವ ಕೋಟೆಯ ಬಾಗಿಲಲ್ಲಿ ಅವಳನ್ನು ಅಡ್ಡ ಹಿಡಿದು ನಿಂತಾಗ, ರಾಮ್ಜಾನ ಸ್ವಂತ ಅಣ್ಣ ಹೊಡೆಯಲು ಅಪ್ಪಣೆ ಕೊಡುತ್ತಾನೆ, ಆರ್ಗಾತ್ ಎಂಬ, ಸ್ಥಿತಿ ಕಳೆದುಕೊಂಡ ಗೌರವಸ್ಥ ಮನೆತನದ ಹುಡುಗ ಬಾಣ ಬಿಡುತ್ತಾನೆ. ಅವಳು ಬಡವರ ಮಗಳು, ಅವಳಿಗಾಗಿ ಯಾರೂ ತಡೆಯಬೇಕಿಲ್ಲ, ಇಷ್ಟೇ ಅವರ ತರ್ಕ. ಆ ಅಪ್ಪಣೆಯಲ್ಲಿ ದೆವ್ವದ ಪಾಲಿಲ್ಲ, ಬಾಣದಲ್ಲೂ ಇಲ್ಲ. ಅಲ್ಲಿಂದ ಡೆಲಿಟಾ ಏರುತ್ತಾ ಹೋಗಿ, ಎಲ್ಲರನ್ನೂ ಬಳಸಿಕೊಂಡು, ಕೊನೆಗೆ ರಾಜನೇ ಆಗುತ್ತಾನೆ. ಅವನ ಬೆನ್ನ ಹಿಂದೆಯೂ ಯಾವ ಭೂತವಿಲ್ಲ.

ನಮ್ಮ ಕಸುಬಿನಲ್ಲಿ ಹೊಸಬರಿಗೆ ನಾನು ಹೇಳಿಕೊಡುವ ಪರೀಕ್ಷೆ ಇದು: ಕಥೆಯಿಂದ ದೇವರನ್ನು, ದೆವ್ವವನ್ನು ತೆಗೆದುಬಿಡಿ, ಮನುಷ್ಯರು ಅದೇ ಕೆಲಸ ಮಾಡುತ್ತಿದ್ದರೇ? ಟ್ಯಾಕ್ಟಿಕ್ಸ್‌ನಲ್ಲಿ ಹೌದು, ಟಿಯೆಟ್ರಾ ಆಗಲೂ ಸಾಯುತ್ತಿದ್ದಳು. ಹದಿನಾರರಲ್ಲಿ ಅಲ್ಟಿಮಾನನ್ನು ತೆಗೆದರೆ ಸಿಂಹಾಸನದ ಕಥೆಯ ಅರ್ಧ ಕುಸಿಯುತ್ತದೆ, ಕ್ಲೋಯಿಯ ಕಥೆ ಮಾತ್ರ ಹಾಗೇ ನಿಲ್ಲುತ್ತದೆ. ಅದಕ್ಕೇ ಆ ಪುಟ್ಟ ಉಪಕಥೆ ನಿಮ್ಮನ್ನು ಕಾಡುತ್ತದೆ, ಬಾರ್ನಬಸ್ ಕಾಡುವುದಿಲ್ಲ.

ಅನುವಾದದ ಮಾತು ಬೇಗ ಮುಗಿಸುತ್ತೇನೆ. ಹದಿನಾರರ ಪಾತ್ರಗಳ ಮುಖಭಾವ, ತುಟಿಚಲನೆ ಇಂಗ್ಲಿಷ್ ನಟರ ಅಭಿನಯಕ್ಕೆ ಹೊಂದಿಕೊಂಡು ಆಗಿರುವುದು. ಜಪಾನಿ ದನಿ ಹಾಕಿಕೊಂಡು ಆಡಿದರೂ ಘಟನೆಗಳು ಅವೇ, ಅಲ್ಟಿಮಾ ಅವನೇ.

ಹಾಗಿದ್ದರೆ ಬರೆದವರಿಗೆ ತಿಳಿವಳಿಕೆ ಕಡಿಮೆಯಾಯಿತೇ ಎಂದರೆ ಅದೂ ಅಲ್ಲ. ಹದಿನಾರರ ಕಥೆ ಬರೆದ ಕಜುತೊಯೊ ಮಾಎಹಿರೊ ಅವರೇ 2015ರಲ್ಲಿ ‘ಫೈನಲ್ ಫ್ಯಾಂಟಸಿ 14’ರ ‘ಹೆವನ್ಸ್‌ವರ್ಡ್’ ವಿಸ್ತರಣೆಯ ಮುಖ್ಯ ಕಥೆ ಬರೆದವರು. ಇಶ್‌ಗಾರ್ಡ್ ಎಂಬ ನಗರ ಅಲ್ಲಿದೆ. ಸಾವಿರ ವರ್ಷದಿಂದ ಡ್ರ್ಯಾಗನ್‌ಗಳ ಜೊತೆ ಯುದ್ಧ. ಆ ಯುದ್ಧಕ್ಕೆ ಧರ್ಮಪೀಠ ಹೇಳುತ್ತಾ ಬಂದ ಕಾರಣ ಸುಳ್ಳು ಎಂದು ಬಯಲಾಗುತ್ತದೆ. ಅಲ್ಲೂ ಕೊನೆಗೆ ಧರ್ಮಗುರು ಅತಿಮಾನುಷ ರೂಪ ತಾಳುತ್ತಾನೆ, ಹೊಡೆದು ಕೆಡವುತ್ತೇವೆ. ಆದರೆ ಅದು ತಿಂಗಳು ತಿಂಗಳು ಮುಂದುವರಿಯುವ ಆನ್‌ಲೈನ್ ಆಟ. ಹಾಗಾಗಿ ಮಾರನೆಯ ಬೆಳಗ್ಗೆ ಬಂದೇ ಬಂತು. ಸುಳ್ಳು ಬಯಲಾಯಿತೆಂದು ಸಂಭ್ರಮಿಸುವವರಿಗಿಂತ ಸಿಟ್ಟಾದವರೇ ಹೆಚ್ಚು. ಮಗನನ್ನು ಯುದ್ಧಕ್ಕೆ ಕೊಟ್ಟವರು, ಆ ಸಾವು ಸುಳ್ಳಿಗಾಗಿತ್ತು ಎಂದು ಒಪ್ಪುವುದು ಹೇಗೆ? ಧರ್ಮಗುರುವಿನ ಮಗ ಐಮೆರಿಕ್ ಮಾತುಕತೆ, ದಂಗೆ, ಚೂರಿ ಇರಿತ ಎಲ್ಲ ದಾಟಿ, ಶ್ರೀಮಂತರಿಗೊಂದು ಜನಸಾಮಾನ್ಯರಿಗೊಂದು ಸದನವಿರುವ ಆಡಳಿತ ಕಟ್ಟುತ್ತಾನೆ. ಇನ್ನೂ ಕೆಲವು ವರ್ಷ ಬಿಟ್ಟು, ಹಾಳುಬಿದ್ದ ಬಡಾವಣೆಯನ್ನು ಆಟಗಾರರೇ ಮರ ಕಡಿದು ಕಲ್ಲು ಹೊತ್ತು ಮರುಕಟ್ಟುವ ಕಾರ್ಯಕ್ರಮವನ್ನೂ ಕೊಟ್ಟರು. ಬರೆದ ಕೈ ಅದೇ, ಸಿಕ್ಕ ಸಮಯ ಬೇರೆ.

ಒಂದೇ ಸಲಕ್ಕೆ ಮುಗಿಯಬೇಕಾದ, ಭಾರಿ ಬಂಡವಾಳದ ಆಟದಲ್ಲಿ ಏನಾಗುತ್ತದೆ ಎಂದು ಒಳಗಿನಿಂದ ಹೇಳುತ್ತೇನೆ. ಸಭೆಯಲ್ಲಿ ಒಬ್ಬ ಮಂತ್ರಿ ಎದ್ದು ನಿಂತು ತೆರಿಗೆ ಬೇಡ ಎನ್ನಬೇಕು ಎಂದು ನಾನು ಬರೆಯುತ್ತೇನೆ ಎನ್ನಿ. ಆ ಒಂದು ಮಾತಿಗೆ ಅವನ ಮುಖ ಕೆತ್ತಬೇಕು, ಉಡುಪು ಹೊಲಿಯಬೇಕು, ಹಲವು ಭಾಷೆಯಲ್ಲಿ ನಟರನ್ನು ಕರೆಸಿ ದನಿ ಹಿಡಿಯಬೇಕು, ಸಭಾಂಗಣಕ್ಕೆ ಬೆಳಕು ಕೂಡಿಸಬೇಕು, ಹಿಂದೆ ಕೂತ ನಲವತ್ತು ಜನ ತಲೆಯಾಡಿಸಬೇಕು. ಇಷ್ಟಾದ ಮೇಲೆ ಆಟಗಾರ ಅಲ್ಲಿ ಮಾಡುವುದೇನು? ಕೂತು ನೋಡುವುದು. ಅದೇ ಮಂತ್ರಿ ರಾಕ್ಷಸನಾಗಿ ಬದಲಾದರೆ ಇಪ್ಪತ್ತು ನಿಮಿಷ ಹೊಡೆದಾಡಬಹುದು. ಇದನ್ನು ತೀರ್ಮಾನಿಸುವ ಸ್ಟುಡಿಯೋ ಸಭೆಗಳಲ್ಲಿ ನಾನು ಎಷ್ಟೋ ಸಲ ಕೂತಿದ್ದೇನೆ. ‘ಈ ಪಾತ್ರದ ಜೊತೆ ಫೈಟ್ ಎಲ್ಲಿ?’ ಎಂಬ ಪ್ರಶ್ನೆ ಬಂದೇ ಬರುತ್ತದೆ, ಅದನ್ನು ಕೇಳುವವರು ಮೂರ್ಖರಲ್ಲ, ಆಟ ಎಂದರೆ ಕೈಗೆ ಕೆಲಸ ಕೊಡಬೇಕು. ಹದಿನಾರು ಕಟ್ಟಿರುವುದೇ ಐಕಾನ್‌ಗಳೆಂಬ ಬೃಹತ್ ಶಕ್ತಿಗಳ ಕಾಳಗಗಳ ಸುತ್ತ. ಟೈಟನ್, ಬಹಮುಟ್, ಓಡಿನ್ ಒಂದಕ್ಕಿಂತ ಒಂದು ದೊಡ್ಡದು. ಕೊನೆಯದು ಅವೆಲ್ಲಕ್ಕಿಂತ ದೊಡ್ಡದಿರಬೇಕು. ಸಂಸತ್ತೊಂದು ಅವೆಲ್ಲಕ್ಕಿಂತ ದೊಡ್ಡ ಎದುರಾಳಿಯಾಗಿ ನಿಲ್ಲುವುದು ಕಷ್ಟ, ದೇವರಾದರೆ ಸುಲಭ.

ಹ್ಯೂಗೋ ಕುಪ್ಕಾನಿಗೆ ಆದದ್ದೂ ಇದೇ. ಹೆಸರಿಲ್ಲದ ಕಾಲಾಳು, ಟೈಟನ್ ಶಕ್ತಿ ಬಂದ ಮೇಲೆ ಡಾಲ್ಮೇಕಿಯಾ ಗಣರಾಜ್ಯದ ಆರ್ಥಿಕ ಸಲಹೆಗಾರನಾಗಿ ಮೆರೆದವನು. ಗಣರಾಜ್ಯವನ್ನೇ ಜೇಬಿನಲ್ಲಿಟ್ಟುಕೊಂಡ ಒಬ್ಬ ಮನುಷ್ಯ! ಅವನು ಏನು ಸಲಹೆ ಕೊಟ್ಟ, ಯಾರ ಹೊಟ್ಟೆ ತುಂಬಿತು, ಯಾರದ್ದು ಬರಿದಾಯಿತು ಎಂದು ನೋಡಲು ನಾನು ಕಾದಿದ್ದೆ. ಪ್ರೇಯಸಿಯ ಸಾವಿನ ಸೇಡಿನಲ್ಲೇ ಅವನ ಕಥೆ ಮುಗಿಯಿತು. ಕಾಳಗ ಮಾತ್ರ ಅದ್ಭುತವಾಗಿತ್ತು, ಅದನ್ನು ಒಪ್ಪುತ್ತೇನೆ.

ಕಾಳಗಕ್ಕೆ ಒಗ್ಗದ ರಾಜಕೀಯವೆಲ್ಲ ಎಲ್ಲಿಗೆ ಹೋಯಿತು? ಉಪಕಥೆಗಳಿಗೆ. ಅಲ್ಲಿ ದೃಶ್ಯದ ಖರ್ಚು ಕಡಿಮೆ, ಇಬ್ಬರು ನಿಂತು ಮಾತಾಡಿದರೆ ಸಾಕು. ನೀವು ನಿಲ್ಲಿಸಿರುವ ಜಾಗದ ಬಗ್ಗೆ ನನಗೆ ಬೇಸರವಾಗುವುದು ಇದಕ್ಕೇ. ವಾಲೂಡ್ ಮುಗಿದು ಕೊನೆಯ ಹೋರಾಟಕ್ಕೆ ಹೊರಡುವ ಮುನ್ನ ಆಟ ಒಂದು ದೊಡ್ಡ ಕಂತೆ ಉಪಕಥೆಗಳನ್ನು ತೆರೆಯುತ್ತದೆ. ರಾಜಕೀಯ ಬದುಕಿರುವುದು ಅಲ್ಲೇ. ಬೇರರ್ ಎಂಬುದನ್ನು ಮುಚ್ಚಿಟ್ಟುಕೊಂಡೇ ದಾಲಿಮಿಲ್ ಊರಿನ ಮುಂದಾಳಾದ ಕಮ್ಮಾರ ಲೂಬೋರ್, ನಾರ್ತ್‌ರೀಚ್‌ನಲ್ಲಿ ಸರ್ಕಾರವೇ ಕುಸಿದ ಮೇಲೆ ಊರನ್ನು ಹಿಡಿದಿಡುವ ಇಸಬೆಲ್, ಛತ್ರದ ಮಾರ್ತಾ, ಲಾಸ್ಟ್‌ವಿಂಗ್‌ನ ಕ್ವಿಂಟೆನ್. ರಾಜರಿಲ್ಲದ ನೆಲದಲ್ಲಿ ಊರುಗಳು ತಮ್ಮ ಕಾಲ ಮೇಲೆ ನಿಲ್ಲಲು ಕಲಿಯುವ ಕಥೆ ಅದು. ಮುಖ್ಯಕಥೆ ಹಾರಿಸಿದ ಬೆಳಗ್ಗೆಯ ಒಂದು ತುಣುಕು ಇಲ್ಲಿ ಸಿಗುತ್ತದೆ.

ಹಾಗಾಗಿ ನನ್ನ ಸಲಹೆ ಮುಗಿಸಿ ಎನ್ನುವ ಕಡೆಗೇ ವಾಲುತ್ತದೆ, ಆದರೆ ಹೀಗೆ: ಅಲ್ಟಿಮಾನನ್ನು ಸದ್ಯಕ್ಕೆ ಮರೆತು ಊರೂರು ತಿರುಗಿ. ಇದರಲ್ಲಿ ತೊಂದರೆಯೂ ಇದೆ. ಸೊಪ್ಪು ತಾ, ಸಾಮಾನು ಕೊಟ್ಟು ಬಾ ಎಂಬ ನೀರಸ ಕೆಲಸಗಳು ನಡುನಡುವೆ ಬರುತ್ತವೆ, ತಾಳ್ಮೆ ಪರೀಕ್ಷಿಸುತ್ತವೆ. ಮೇಲೆ ಹೇಳಿದ ಊರಿನವರ ಹೆಸರಿದ್ದರೆ ಮಾಡಿ, ಉಳಿದದ್ದನ್ನು ಮನಸ್ಸಿಲ್ಲದಿದ್ದರೆ ಬಿಡಿ. ಮತ್ತೆ ಕಂಟ್ರೋಲರ್ ಹಿಡಿಯುವ ಮನಸ್ಸೇ ಇಲ್ಲ ಎಂದಾದರೆ ತಮ್ಮ ಆಡುವಾಗ ಪಕ್ಕದಲ್ಲಿ ಕೂತು ಡಿಯಾನ್‌ನ ಕೊನೆಯನ್ನಾದರೂ ನೋಡಿ. ತನ್ನ ತಪ್ಪನ್ನು ದೇವರ ತಲೆಗೆ ಕಟ್ಟದೆ ತಾನೇ ಹೊತ್ತುಕೊಂಡು ನಡೆಯುವ ಒಬ್ಬನೇ ರಾಜಕುಮಾರ ಅವನು. 2023–24ರಲ್ಲಿ ಬಂದ ಎರಡು ಹೆಚ್ಚುವರಿ ಕಂತುಗಳನ್ನು ರಾಜಕೀಯಕ್ಕಾಗಿ ಕೊಳ್ಳಬೇಡಿ. ನಿಮ್ಮ ಪ್ರಶ್ನೆಗೆ ಅವುಗಳಲ್ಲಿ ಉತ್ತರವಿಲ್ಲ.

ಮುಂದಿನ ಆಟದ ಬಗ್ಗೆ. 2024ರ ‘ಮೆಟಫರ್: ರಿಫ್ಯಾಂಟಾಜಿಯೋ’ ಆಡಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ರಾಜನ ಕೊಲೆಯಾಗಿ, ಜನರ ಬೆಂಬಲ ಯಾರಿಗೆ ಹೆಚ್ಚೋ ಅವರಿಗೆ ಪಟ್ಟ ಎಂಬ ಚುನಾವಣೆಯಿಂದ ಶುರುವಾಗುತ್ತದೆ. ಜನಾಂಗಗಳ ನಡುವಿನ ಮೇಲುಕೀಳಿನ ಚಿತ್ರಣ ಚೆನ್ನಾಗಿದೆ, ಆಟವಾಗಿಯೂ ಬಹಳ ಗಟ್ಟಿ. ಆದರೆ ಚುನಾವಣೆ ಎಂಬುದು ಅಲ್ಲಿ ಬಹುಮಟ್ಟಿಗೆ ಜನಪ್ರಿಯತೆಯ ಓಟ, ಯಾರಿಗೆ ಏನು ಸಿಗುತ್ತದೆ, ಯಾರು ಏನು ಬಿಟ್ಟುಕೊಡಬೇಕು ಎಂಬ ಜಗಳ ಅಲ್ಲ. ರಾಜವಂಶದ ವಿಷಯದಲ್ಲಿ ಕೊನೆಗೆ ಅದು ಹಿಡಿಯುವ ದಾರಿ ನಿಮಗೆ ಮತ್ತೆ ಇದೇ 16ರ ಹೊಟ್ಟೆನೋವು ತರಬಹುದು. ಗುಟ್ಟು ಇಷ್ಟಕ್ಕೇ ಬಿಡುತ್ತೇನೆ.

ನಿಮಗೆ ನಾನು ಹೆಚ್ಚು ಧೈರ್ಯದಿಂದ ಹೇಳುವುದು ‘ಟ್ರಯಾಂಗಲ್ ಸ್ಟ್ರಾಟೆಜಿ’. 2022ರಲ್ಲಿ ನಿಂಟೆಂಡೊ ಸ್ವಿಚ್‌ಗೆ ಬಂತು, ಆಮೇಲೆ ಪಿಸಿಗೂ ಪ್ಲೇಸ್ಟೇಷನ್ 5ಕ್ಕೂ ಬಂತು. ಉಪ್ಪು ಮತ್ತು ಕಬ್ಬಿಣಕ್ಕಾಗಿ ಮೂರು ರಾಜ್ಯಗಳು ಕಾದಾಡುವ ನೆಲ. ಉಪ್ಪು ಹೈಜಾಂಟ್ ಎಂಬ ಧರ್ಮರಾಜ್ಯದ ಕೈಯಲ್ಲಿದೆ. ಅಲ್ಲಿ ಎಲ್ಲರೂ ಸಮಾನರು ಎಂದು ಸಾರುತ್ತಾರೆ, ಉಪ್ಪಿನ ಕೆರೆಯಲ್ಲಿ ರೋಸೆಲ್ ಎಂಬ ಜನಾಂಗ ಸಾಯುವ ತನಕ ದುಡಿಯುತ್ತದೆ. ದೊಡ್ಡ ತೀರ್ಮಾನಗಳನ್ನು ನಾಯಕ ಒಬ್ಬನೇ ಮಾಡುವಂತಿಲ್ಲ, ಸಂಗಡಿಗರು ತಕ್ಕಡಿಯಲ್ಲಿ ಮತ ಹಾಕುತ್ತಾರೆ. ಅವರ ಮನಸ್ಸು ಬದಲಿಸಲು ನೀವು ಊರು ಸುತ್ತಿ ಮಾಹಿತಿ ಕೂಡಿಸಿ ವಾದ ಮಾಡಬೇಕು, ಕೆಲವು ಸಲ ಸೋಲುತ್ತೀರಿ. ನಿಮ್ಮ ಊರಿನಲ್ಲಿ ಆಶ್ರಯ ಪಡೆದ ರೋಸೆಲ್ ಜನರನ್ನು ಒಪ್ಪಿಸಿದರೆ ಯುದ್ಧ ತಪ್ಪುತ್ತದೆ ಎಂಬ ಘಳಿಗೆ ಬಂದಾಗ, ನೀವು ಇಷ್ಟಪಟ್ಟ ಪಾತ್ರವೇ ಒಪ್ಪಿಸೋಣ ಎಂದು ಮತ ಹಾಕುವುದನ್ನು ನೋಡುತ್ತೀರಿ, ಅದೂ ಒಳ್ಳೆಯ ಕಾರಣ ಕೊಟ್ಟು. ನಾನು ಮೇಲೆ ಹೇಳಿದ ಸಮಸ್ಯೆಗೆ, ಅಂದರೆ ಸಭೆಯಲ್ಲಿ ಆಟಗಾರನ ಕೈಗೆ ಏನು ಕೆಲಸ ಎಂಬುದಕ್ಕೆ, ಇಷ್ಟು ಸರಳವಾದ ಉತ್ತರ ಬೇರೆಲ್ಲೂ ನಾನು ಕಂಡಿಲ್ಲ. ಇದರ ಕಷ್ಟವೆಂದರೆ ಮಾತು ಬಹಳ. ಮೊದಲ ಕೆಲವು ಗಂಟೆ ಕಾಳಗಕ್ಕಿಂತ ಸಂಭಾಷಣೆಯೇ ಹೆಚ್ಚು, ಇಂಗ್ಲಿಷ್ ದನಿ ಕೆಲವು ಕಡೆ ಚಪ್ಪೆ.

ಇಷ್ಟು ಮಾತು ಬೇಡ ಎಂದಾದರೆ ಪ್ಲೇಸ್ಟೇಷನ್ 5ರಲ್ಲೇ ಸಿಗುವ ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್‌ನಿಂದಲೇ ಶುರುಮಾಡಿ. 2025ರ ಸೆಪ್ಟೆಂಬರ್ 30ರಂದು ‘ದಿ ಇವಾಲಿಸ್ ಕ್ರಾನಿಕಲ್ಸ್’ ಎಂಬ ಹೆಸರಿನಲ್ಲಿ ದನಿ ಸಮೇತ ಹೊಸದಾಗಿ ಬಂದಿದೆ. ಟ್ಯಾಕ್ಟಿಕ್ಸ್ ಓಗರ್ ಕೂಡ 2022ರಲ್ಲಿ ‘ರೀಬಾರ್ನ್’ ಎಂದು ಬಂತು, ಅದನ್ನು ಎರಡನೆಯದಾಗಿ ಇಟ್ಟುಕೊಳ್ಳಿ, ಹೆಸರುಗಳ ಗೋಜಲು ಜಾಸ್ತಿ. ಎರಡೂ ಚದುರಂಗದ ಮನೆಗಳಂಥ ಹಲಗೆಯ ಮೇಲೆ ಸರದಿಯಂತೆ ಆಡುವ ಆಟಗಳು. ಹದಿನಾರರ ರಭಸಕ್ಕೆ ಹೊಂದಿಕೊಂಡ ಕೈಗೆ ಮೊದಲು ನಿಧಾನ ಅನಿಸುತ್ತದೆ, ಸೋಲೂ ಹೆಚ್ಚು. ಟ್ಯಾಕ್ಟಿಕ್ಸ್‌ನಲ್ಲಿ ಮೂರನೆಯ ಅಧ್ಯಾಯದ ಕೊನೆಗೆ ರಿಯೊವೇನ್ಸ್ ಕೋಟೆ ಬರುತ್ತದೆ. ಒಂದರ ಹಿಂದೊಂದು ಮೂರು ಕಾಳಗ, ನಡುವಿನದ್ದರಲ್ಲಿ ರಾಮ್ಜಾ ಒಂಟಿಯಾಗಿ ವೀಗ್ರಾಫ್ ಎಂಬ ಬಲಿಷ್ಠ ಎದುರಾಳಿಯ ಮುಂದೆ ನಿಲ್ಲಬೇಕು. ಈ ಕಾಳಗಗಳ ನಡುವೆ ಆಟವನ್ನು ಸೇವ್ ಮಾಡಿಕೊಂಡು, ಹಿಂದಕ್ಕೆ ಹೋಗಲಾಗದೆ ಸಿಕ್ಕಿಹಾಕಿಕೊಂಡವರು 1997ರಿಂದಲೂ ಇದ್ದಾರೆ. ಕೋಟೆಯೊಳಗೆ ಕಾಲಿಡುವ ಮುನ್ನ ಬೇರೆ ಜಾಗದಲ್ಲಿ ಒಂದು ಸೇವ್ ಇಟ್ಟುಕೊಳ್ಳಿ, ರಾಮ್ಜಾನನ್ನು ಒಬ್ಬನೇ ನಿಂತು ಕಾದಾಡುವ ಹಾಗೆ ತಯಾರು ಮಾಡಿಕೊಂಡು ಹೋಗಿ.